ಓದಿ ಹೇಳಲಾಗಿದೆ

ಕೋರ್ಟಿನ ಹಿಂಬದಿಯ ವರಾಂಡದಲ್ಲಿ, ಛಾಪಾ ಕಾಗದ ಮಾರುವವನಿಗೂ ಜೆರಾಕ್ಸ್ ಅಂಗಡಿಯ ಕಿಟಕಿಗೂ ನಡುವೆ, ಒಂದು ಮೇಜು ಎರಡು ಸ್ಟೂಲು ಹಿಡಿಯುವಷ್ಟು ಜಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿರುವ ಹೆಂಗಸನ್ನು ಎಲ್ಲರೂ ಟೈಪಿನಮ್ಮ ಅಂತಲೇ ಕರೆಯುತ್ತಾರೆ. ಟೈಪ್‌ರೈಟರ್ ಮೂಲೆ ಸೇರಿ, ಅದರ ಜಾಗಕ್ಕೆ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಯಿತು. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಸ್ವಂತ ಹೆಸರನ್ನು ಅವಳೂ ರೇಷನ್ ಕಾರ್ಡಿನಲ್ಲಿ ನೋಡಿದಾಗಲಷ್ಟೇ ನೆನಪಿಸಿಕೊಳ್ಳುತ್ತಿದ್ದಳು.

ಆ ವರಾಂಡ ಅಂದರೆ ಅವಳಿಗೆ ಹೇಸಿಗೆ. ಸುಮ್ಮನೆ ಬಾಯಿಮಾತಿನ ಹೇಸಿಗೆಯಲ್ಲ. ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ಕೈ ತೊಳೆಯಬೇಕು. ಅದೂ ಒಂದು ಸಲವಲ್ಲ, ಮೊಣಕೈವರೆಗೆ ಸೋಪು ಹಚ್ಚಿ ಎರಡು ಸಲ. ಆಸ್ಪತ್ರೆಯಲ್ಲಿ ಗಾಯ ಕಟ್ಟುವವರು ತೊಳೆದ ಹಾಗೆ. "ಏನು, ಇವತ್ತು ಯಾರನ್ನ ಕೊಯ್ದು ಬಂದೆ?" ಅಂತ ಗಂಡ ಚುಡಾಯಿಸಿದರೆ, "ನಾನು ಕೊಯ್ಯಲ್ಲ, ಕೊಯ್ಯೋರಿಗೆ ಚಾಕು ಒರೆಸಿ ಕೊಡ್ತೀನಿ" ಅನ್ನುತ್ತಿದ್ದಳು. ಅವಳ ಗಂಡ ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಅವನ ಕೈ ಮಸಿಯಾಗಿರುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ತನ್ನ ಕೈಯ ಮಸಿ ಕಾಣುವುದಿಲ್ಲವಲ್ಲ ಅನ್ನುವುದೇ ಅವಳ ಸಂಕಟ.

ಅಲ್ಲಿ ಕೆಲಸ ನಡೆಯುವ ರೀತಿಯೇ ಹಾಗಿತ್ತು. ಯಾವ ವಕೀಲನೂ ಹೊಸದಾಗಿ ಒಂದು ವಾಕ್ಯ ಹೇಳಿ ಬರೆಸಿದವನಲ್ಲ. "ಹಳೇದೊಂದು ತೆಗಿಯಮ್ಮ, ಹೆಸರು ಊರು ಬದಲಾಯಿಸು" ಅಂದರೆ ಮುಗಿಯಿತು. ಹೆಂಡತಿಯನ್ನು ಹೊಡೆದವನ ಅರ್ಜಿ, ಹೊಡೆಸಿಕೊಂಡವಳ ಅರ್ಜಿ, ಬೇಲಿ ಸರಿಸಿದವನದು, ಬೇಲಿ ಕಳೆದುಕೊಂಡವನದು, ಎಲ್ಲದರ ಮಾದರಿಯೂ ಅವಳ ಕಂಪ್ಯೂಟರಿನಲ್ಲಿ ಮಲಗಿತ್ತು. ಒಮ್ಮೆ ಅವಸರದಲ್ಲಿ ಹಳೆಯ ಮಾದರಿಯ ಒಂದು ಸಾಲು ಅಳಿಸುವುದು ಮರೆತು, ಅರವತ್ತು ವರ್ಷದ ಲಾರಿ ಮಾಲೀಕನೊಬ್ಬ "ನಾನು ಈಗ ಏಳು ತಿಂಗಳ ಗರ್ಭಿಣಿಯಾಗಿದ್ದು" ಅಂತ ಪ್ರಮಾಣ ಮಾಡಿ ಸಹಿ ಹಾಕಿಬಿಟ್ಟಿದ್ದ. ಅವನು ಓದಲಿಲ್ಲ, ಅವನ ವಕೀಲ ಓದಲಿಲ್ಲ, ಮುದ್ರೆ ಒತ್ತುವವರು ಓದಲಿಲ್ಲ, ಎದುರು ಪಕ್ಷದವರೂ ಓದಲಿಲ್ಲ. ಕೇಸು ಗೆದ್ದು ಮಿಠಾಯಿಯನ್ನೂ ಹಂಚಿದ. ಆ ಮಿಠಾಯಿ ತಿಂದು ಟೈಪಿನಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಆಮೇಲೆ ನಗು ಇಳಿದಾಗ ಬಾಯಿಯೆಲ್ಲ ಕಹಿಯಾಗಿತ್ತು.

ಹೆಬ್ಬೆಟ್ಟಿನ ಪ್ರತಿ ಕಾಗದದ ಕೊನೆಗೂ ಒಂದು ಸಾಲು ಇರಲೇಬೇಕು. "ಮೇಲಿನ ವಿಷಯಗಳನ್ನು ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆ, ನಾನು ಅರ್ಥ ಮಾಡಿಕೊಂಡು ಸ್ವಂತ ಇಚ್ಛೆಯಿಂದ ಹೆಬ್ಬೆಟ್ಟು ಒತ್ತಿರುತ್ತೇನೆ." ಅಕ್ಷರ ಬಾರದವರ ಕಾಗದಕ್ಕೆ ಇದು. ಎಷ್ಟು ಸಾವಿರ ಸಲ ಅದನ್ನು ಬಡಿದಿದ್ದಳೋ ಲೆಕ್ಕವಿಲ್ಲ. ಓದಿ ಹೇಳಿದ್ದು ಮಾತ್ರ ಒಂದು ಸಲವೂ ಇಲ್ಲ. ಓದಬಾರದು ಅನ್ನುವುದೇ ಅವಳು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಬೆರಳು ಅದರ ಪಾಡಿಗೆ ಅದು ಓಡಬೇಕು, ಕಣ್ಣು ಗೋಡೆಯ ಗಡಿಯಾರದ ಮೇಲಿರಬೇಕು. ಓದುತ್ತಾ ಹೋದರೆ ಆ ಮೇಜಿನಲ್ಲಿ ಒಂದು ವಾರವೂ ಕೂರಲಾಗುವುದಿಲ್ಲ ಅನ್ನುವುದು ಅವಳಿಗೆ ಮೊದಲ ತಿಂಗಳೇ ಗೊತ್ತಾಗಿತ್ತು.

ಇಷ್ಟಕ್ಕೂ ಅವಳು ಆಸೆಪಟ್ಟು ಇಲ್ಲಿಗೆ ಬಂದವಳೇನಲ್ಲ. ಹತ್ತನೆಯ ತರಗತಿ ಮುಗಿದಾಗ ಅವಳಿಗೆ ಇಷ್ಟವಿದ್ದದ್ದು ಭೂಗೋಳ. ನದಿಗಳ ನಕ್ಷೆ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಯಾವ ವಿಷಯ ತಗೋತೀಯ ಅಂತ ಒಬ್ಬರೂ ಕೇಳಲಿಲ್ಲ. ಅಪ್ಪ ಟೈಪಿಂಗ್ ಕ್ಲಾಸಿನ ಫಾರಂ ತಂದು, "ಆರು ತಿಂಗಳಲ್ಲಿ ಕೈಗೆ ಕೆಲಸ" ಅಂದ. ಅಷ್ಟೇ. ಅದಕ್ಕಾಗಿಯೇ, ಮಗಳು ಹುಟ್ಟಿದ ದಿನವೇ ಅವಳೊಂದು ಗಟ್ಟಿ ನಿರ್ಧಾರ ಮಾಡಿದ್ದಳು: ಇವಳು ಏನು ಓದಬೇಕು ಅನ್ನುವುದನ್ನು ಇವಳೇ ಆರಿಸಬೇಕು. ಏನಾದರೂ ಆಗಲಿ. ನರ್ಸಾಗಲಿ, ವಿಮಾನ ಹಾರಿಸಲಿ, ಪಾಠ ಹೇಳಲಿ. ಹದಿನಾರು ವರ್ಷ ಕಾದ ಮೇಲೆ ಮಗಳು ಆರಿಸಿಕೊಂಡು ಬಂದು ನಿಂತದ್ದು ವಕೀಲಿಕೆಯನ್ನು.

ಅದಕ್ಕೆ ಕಾರಣ ಗಂಟಲು ವಕೀಲರು. ಪ್ರತಿ ಸುಳ್ಳಿಗೂ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ ಅಂತ ವರಾಂಡದವರು ಅವರಿಗೆ ಇಟ್ಟ ಹೆಸರು ಅದು. ಎದುರಿಗೆ ಎಲ್ಲರೂ ಸಾರ್ ಅನ್ನುವವರೇ. ಮಕ್ಕಳಿಗೆ ಮುಂದೇನು ಓದಬೇಕೆಂದು ದಾರಿ ತೋರಿಸಲು ಮಗಳ ಶಾಲೆಯವರು ಒಂದು ದಿನ ಭಾಷಣ ಇಟ್ಟುಕೊಂಡು, ಊರಲ್ಲಿ ಬೇರೆ ಯಾರೂ ಸಿಗದೆ ಅವರನ್ನೇ ಕರೆಸಿದ್ದರು. ಅವರು ಮಕ್ಕಳ ಮುಂದೆ ನಿಂತು, ವಕೀಲನಾಗುವವನಿಗೆ ಸತ್ಯವೇ ಬಂಡವಾಳ ಅಂದರು. ಇತಿಹಾಸ ಓದಿ, ರಾಜ್ಯಶಾಸ್ತ್ರ ಓದಿ, ಅರ್ಥಶಾಸ್ತ್ರ ಓದಿ, ಭಾಷೆಯನ್ನು ಪಳಗಿಸಿಕೊಳ್ಳಿ, ದಿನಾ ಪತ್ರಿಕೆ ಬಿಡಬೇಡಿ, ಕನ್ನಡಿ ಮುಂದೆ ನಿಂತು ವಾದ ಮಾಡಿ ಅಂದರು. ಅದೇ ದಿನ ಬೆಳಿಗ್ಗೆ ಅವರು ವಾಯಿದೆ ಕೇಳಲು ಟೈಪಿನಮ್ಮನ ಕೈಯಲ್ಲಿ, ತಮ್ಮ ಅತ್ತೆ ತೀರಿಕೊಂಡಿರುವುದರಿಂದ ಹಾಜರಾಗಲು ಸಾಧ್ಯವಿಲ್ಲ ಅಂತ ಒಂದು ಕಾಗದ ಮಾಡಿಸಿಕೊಂಡು ಹೋಗಿದ್ದರು. ಆ ಅತ್ತೆ ಸತ್ತಿದ್ದು ಅದು ಮೂರನೆಯ ಸಲ.

ಮಗಳು ಮನೆಗೆ ಬಂದವಳು ನೆಲದ ಮೇಲೆ ಕಾಲಿಡಲಿಲ್ಲ. ವಿಷಯ ಆರಿಸುವ ಫಾರಂ ತಂದಿದ್ದಳು. ಒಂದು ಕಡೆ ವಿಜ್ಞಾನದ ವಿಷಯಗಳು, ಇನ್ನೊಂದು ಕಡೆ ಕಲಾ ವಿಭಾಗದ್ದು. ಕೆಳಗೆ ತಂದೆ ಅಥವಾ ತಾಯಿಯ ಸಹಿಗೆ ಜಾಗ. ಕಲಾ ವಿಭಾಗದ ನಾಲ್ಕು ವಿಷಯಕ್ಕೂ ಆಗಲೇ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು.

"ಎರಡು ವರ್ಷ ಇದು, ಆಮೇಲೆ ಪ್ರವೇಶ ಪರೀಕ್ಷೆ, ಆಮೇಲೆ ಐದು ವರ್ಷ ಲಾ. ಎಲ್ಲ ಬರ್ಕೊಂಡಿದೀನಮ್ಮ. ಈಗಿಂದ್ಲೇ ತಯಾರಿ ಶುರು ಮಾಡ್ಬೇಕಂತೆ."

"ಗಣಿತದಲ್ಲಿ ನೂರಕ್ಕೆ ತೊಂಬತ್ತಾರು ತಗೊಂಡಿರೋಳು ನೀನು."

"ಅದಕ್ಕೇ ಕಣಮ್ಮ. ತಲೆ ಇರೋರು ಬರಲ್ಲ ಅಂತಾನೇ ಅಲ್ಲಿ ಹಂಗಿದೆ. ಸಾರೇ ಹೇಳಿದ್ರು."

"ಆ ಮನುಷ್ಯನ ಬಾಯಿಂದ ಬಂದಿದ್ದನ್ನ ಈ ಮನೇಲಿ ಆಡ್ಬೇಡ. ಬಾಯಿ ತೊಳ್ಕೊಂಡು ಬಾ ಹೋಗು."

ಜಗಳ ನಾಲ್ಕು ದಿನ ನಡೆಯಿತು. ಮುಖ್ಯೋಪಾಧ್ಯಾಯಿನಿ ತಾಯಿಯನ್ನು ಕರೆಸಿ, ಇಷ್ಟು ಅಂಕ ತೆಗೆದವಳನ್ನು ಕಲಾ ವಿಭಾಗಕ್ಕೆ ಹಾಕುವುದು ಅಂದರೆ ಚಿನ್ನದ ತಟ್ಟೆಯಲ್ಲಿ ಕಸ ತುಂಬಿದ ಹಾಗೆ ಅಂದರು. ಅದೂ ಟೈಪಿನಮ್ಮನಿಗೆ ಮೈ ಉರಿಸಿತು. ಇತಿಹಾಸ ಕಸ, ಭೂಗೋಳ ಕಸ, ದಡ್ಡರಿಗೆ ಎಸೆಯುವ ಎಂಜಲು ಅನ್ನುವ ಹಾಗೆ ಆ ಹೆಂಗಸು ತುಟಿ ಸೊಟ್ಟ ಮಾಡಿದ್ದಳು. ಮಗಳ ಪರವಾಗಿ ಬಾಯಿ ತೆರೆಯಬೇಕೆನ್ನಿಸಿ, ತೆರೆದರೆ ಮಗಳೇ ಗೆಲ್ಲುತ್ತಾಳಲ್ಲ ಅಂತ ಸುಮ್ಮನಾದಳು. ಗಂಡನನ್ನು ಕೇಳಿದರೆ ಅವನು ಚಹಾ ಲೋಟದೊಳಗಿಂದಲೇ, "ನನಗೆ ಟೈರು ಬಿಟ್ಟು ಏನು ಗೊತ್ತು? ಅವಳಿಗೆ ಬೇಕಾದ್ದು ಓದ್ಲಿ" ಅಂದ.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಫಾರಂ ಕೊಡಲು ಇನ್ನೂ ಹದಿನೈದು ದಿನವಿತ್ತು. ರಜೆ ಬೇರೆ. "ಸರಿ, ಹದಿನೈದು ದಿನ ನನ್ನ ಜೊತೆ ಬಂದು ವರಾಂಡದಲ್ಲಿ ಕೂರು. ಆಮೇಲೂ ನಿನಗೆ ಅದೇ ಬೇಕು ಅಂದ್ರೆ ಕಣ್ಣು ಮುಚ್ಚಿ ಸಹಿ ಹಾಕ್ತೀನಿ" ಅಂದಳು. ಮೂರು ದಿನಕ್ಕೆ ಹುಡುಗಿ ಮೂಗು ಮುಚ್ಚಿಕೊಂಡು ಓಡುತ್ತಾಳೆ ಅನ್ನುವುದು ಅವಳ ಎಣಿಕೆ. ಮಗಳು ಮರುದಿನ ಅಮ್ಮನಿಗಿಂತ ಮುಂಚೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಟೈಪಿನಮ್ಮ ಹುಡುಕಿ ಹುಡುಕಿ ಹೊಲಸು ತೋರಿಸಿದಳು. ನಲ್ಲಿಯೇ ಇಲ್ಲದ ಹೆಂಗಸರ ಪಾಯಿಖಾನೆ ತೋರಿಸಿದಳು. ಕಡತಗಳ ಕೋಣೆಯಲ್ಲಿ ಇಲಿ ಹಿಕ್ಕೆಯ ನಡುವೆ ಕೂತು ಗುಮಾಸ್ತ ತಿಂಡಿ ತಿನ್ನುವುದನ್ನು ತೋರಿಸಿದಳು. ಮರದ ಕೆಳಗೆ ಸಾಕ್ಷಿಗೆ ಪಾಠ ಕಲಿಸುವುದನ್ನು ತೋರಿಸಿದಳು. ಅಲ್ಲೊಬ್ಬ, ತಾನು ಕಣ್ಣಾರೆ ಕಂಡ ಅಪಘಾತ ಯಾವ ರಸ್ತೆಯಲ್ಲಾಯಿತು ಅನ್ನುವುದನ್ನು ಐದನೆಯ ಸಲ ತಪ್ಪಾಗಿ ಹೇಳಿ ಬೈಸಿಕೊಳ್ಳುತ್ತಿದ್ದ. ಒಂದೇ ಕೇಸಿಗೆ ಹನ್ನೊಂದು ವರ್ಷದಿಂದ ಅಲೆಯುತ್ತಿದ್ದ ದರ್ಜಿಯನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿ, "ಹೇಳಪ್ಪ, ನನ್ನ ಮಗಳಿಗೆ ಹೇಳು" ಅಂದಳು. ಅವನು ಪಾಪ, ಅಳುತ್ತಾನೆ ಅಂದುಕೊಂಡರೆ, ಯಾವ ನ್ಯಾಯಾಧೀಶರ ಕಾಲದಲ್ಲಿ ಕುರ್ಚಿ ಮೆತ್ತಗಿತ್ತು ಅನ್ನುವುದನ್ನು ಹೆಮ್ಮೆಯಿಂದ ವಿವರಿಸಿದ. ಮಗಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳ ಮೂಗು ಒಂದು ಸಲವೂ ಮೇಲೇರಲಿಲ್ಲ. ಈ ಹುಡುಗಿಗೆ ವಾಸನೆಯೇ ಹತ್ತುವುದಿಲ್ಲವಾ ಅಂತ ತಾಯಿಗೆ ದಿಗಿಲಾಯಿತು.

ಒಂಬತ್ತನೆಯ ದಿನ ಹಳ್ಳಿಯ ಕಡೆಯ ಒಬ್ಬ ಅಜ್ಜಿ ಬಂದಳು. ಎಪ್ಪತ್ತು ದಾಟಿದ ಮುದುಕಿ, ಸಣ್ಣಗೆ ಬಾಗಿದ್ದಳು. ಅವಳ ಮಗ ಹಿಂದೆಯೇ ಇದ್ದವನು, ಮೋಟರ್ ಸೈಕಲ್ ನೆರಳಿಗೆ ಹಾಕಿ ಬರುತ್ತೇನೆಂದು ಹೋದ. ಅವನ ವಕೀಲರು ಗಂಟಲು ಸಾರ್. ಅಜ್ಜಿ ಒತ್ತಬೇಕಾದ ಕಾಗದ ಹಿಂದಿನ ದಿನವೇ ತಯಾರಾಗಿತ್ತು. ಟೈಪಿನಮ್ಮನೇ ಹೆಸರು ಬದಲಿಸಿ ಬಡಿದದ್ದು. ಹೆಬ್ಬೆಟ್ಟು ಒತ್ತಿಸಿ, ಪಕ್ಕದ ಮೇಜಿನ ಠಸ್ಸೆ ಸಾಹೇಬರ ಹತ್ತಿರ ಮುದ್ರೆ ಹಾಕಿಸುವುದಷ್ಟೇ ಬಾಕಿ. ಅವರು ಪ್ರಮಾಣ ಮಾಡಿಸುವ ಅಧಿಕಾರಿ. ಪ್ರಮಾಣದ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿಲ್ಲ, ಠಸ್ಸೆಯ ಸದ್ದನ್ನು ಮಾತ್ರ ಕೇಳಿದ್ದಾರೆ.

ಟೈಪಿನಮ್ಮ ಶಾಯಿಯ ಡಬ್ಬಿ ತೆರೆದಳು. ಮಗಳು ಕಾಗದ ಎತ್ತಿಕೊಂಡು ಕೊನೆಯ ಸಾಲು ನೋಡಿದಳು.

"ಅಮ್ಮ, ಇದನ್ನ ಯಾರು ಓದಿ ಹೇಳಿದ್ರು?"

"ಯಾರೂ ಇಲ್ಲ. ಅದು ಹಂಗೇ ಇರುತ್ತೆ. ಇಡು."

ಮಗಳು ಇಡಲಿಲ್ಲ. ಅಜ್ಜಿಯ ಪಕ್ಕ ಕೂತು, "ಅಜ್ಜಿ, ಇದು ಯಾತರ ಕಾಗದ ಗೊತ್ತಾ?" ಅಂತ ಕೇಳಿದಳು.

"ಕರೆಂಟಿನ ಮೀಟ್ರು ಮಗನ ಹೆಸರಿಗೆ ಮಾಡ್ಕೋಬೇಕಂತೆ ಕಣವ್ವ."

"ಇದರಲ್ಲಿ ಮೀಟರ್ ಸುದ್ದಿನೇ ಇಲ್ಲ ಅಜ್ಜಿ. ನಿಮ್ಮ ಮನೇಲಿ ನಿಮಗಿರೋ ಪಾಲು ಪೂರ್ತಿ ಮಗನಿಗೆ ಬಿಟ್ಟುಕೊಟ್ಟಿದೀನಿ ಅಂತಿದೆ."

ಅಜ್ಜಿ ಶಾಯಿಗೆ ಒಡ್ಡಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಹಂಗಂತ ನಾನು ಯಾವಾಗ ಅಂದೆ? ಅದು ನಾನೂ ನನ್ನ ಗಂಡನೂ ಇಟ್ಟಿಗೆ ಹೊತ್ತು ಕಟ್ಟಿದ ಮನೆ. ನಾನು ಒತ್ತಾಕಿಲ್ಲ" ಅಂದಳು.

ಟೈಪಿನಮ್ಮನ ಎದೆ ಒಮ್ಮೆಗೇ ಹಗುರಾಯಿತು, ಮರುಕ್ಷಣ ನಡುಗಿತು. ಹಗುರಾದದ್ದು ಯಾಕೆಂದು ಅವಳೇ ಒಪ್ಪಿಕೊಳ್ಳುತ್ತಿರಲಿಲ್ಲ. ನಡುಗಿದ್ದಕ್ಕೆ ಕಾರಣ ಸ್ಪಷ್ಟವಿತ್ತು. ವರಾಂಡದಲ್ಲಿ ಅವಳ ಮೇಜು ನಿಂತಿದ್ದೇ ವಕೀಲರ ಸಂಘದ ದಯೆಯಿಂದ, ಆ ಸಂಘದ ಕಾರ್ಯದರ್ಶಿ ಗಂಟಲು ಸಾರ್. ಅಜ್ಜಿಯ ಮಗನಿಂದ ಸುದ್ದಿ ಹೋಗಿ ಹತ್ತು ನಿಮಿಷಕ್ಕೆ ಅವರೇ ಬಂದರು. ಕೂಗಾಡುತ್ತಾರೆ ಅಂದುಕೊಂಡರೆ, ನಗುತ್ತಾ ಬಂದರು. ಅದು ಅದಕ್ಕಿಂತ ಕೆಟ್ಟದ್ದು.

"ಏನಮ್ಮ, ನಿನ್ನ ಮಗಳಾ? ನನ್ನ ಭಾಷಣಕ್ಕೆ ಪ್ರಶ್ನೆ ಕೇಳಿದ ಹುಡುಗಿ ಅಲ್ವಾ ಇವಳು? ಈ ವರಾಂಡದಲ್ಲಿ ಕಾಗದ ಓದಿದ ಮೊದಲನೇ ವ್ಯಕ್ತಿ. ಬಾಮ್ಮ, ಒಳಗೆ ಬಾ, ಮಾತಾಡೋಣ."

ಮಗಳು ಹೋದಳು. ಟೈಪಿನಮ್ಮನಿಗೂ ಹಿಂದೆ ಹೋಗಬೇಕೆನ್ನಿಸಿತು. ಹೋಗಲಿಲ್ಲ. ಮುಂದಿನ ಕಾಗದ ತೆಗೆದು ಬಡಿಯತೊಡಗಿದಳು. ಇಪ್ಪತ್ತು ನಿಮಿಷದ ಮೇಲೆ ಮಗಳು ಹೊರಗೆ ಬಂದಾಗ ಕೈಯಲ್ಲಿ ಜ್ಯೂಸಿನ ಲೋಟವಿತ್ತು, ಮುಖ ಕೆಂಪಾಗಿತ್ತು. ನೇರ ಅಜ್ಜಿಯ ಮುಂದೆ ಮೊಣಕಾಲೂರಿ ಕೂತಳು. ಜ್ಯೂಸನ್ನು ಅಜ್ಜಿಗೇ ಕೊಟ್ಟಳು.

ಆಮೇಲೆ ಅವಳು ಮಾತಾಡಿದಳು. ಎಷ್ಟು ಚೆನ್ನಾಗಿ ಮಾತಾಡಿದಳು! ಮನೆ ಇಬ್ಬರ ಹೆಸರಿಗಿದ್ದರೆ ರಿಪೇರಿಗೆ ಸಾಲ ಸಿಗುವುದಿಲ್ಲ, ಚಾವಣಿ ಸೋರುವುದು ನಿಲ್ಲುವುದಿಲ್ಲ. ಒಬ್ಬರ ಹೆಸರಿಗಿದ್ದರೆ ಮಗನೇ ಮುಂದೆ ನಿಂತು ಮಾಡಿಸುತ್ತಾನೆ. ನೀವು ಇದ್ದ ಕೋಣೆಯಲ್ಲೇ ಇರುತ್ತೀರಿ, ಕೊನೆತನಕ ನೋಡಿಕೊಳ್ಳುತ್ತೇನೆ ಅಂತ ಮಗ ಮಾತು ಕೊಟ್ಟಿದ್ದಾನೆ. ತಾಯಿ ಮಗನ ಮಧ್ಯೆ ಪಾಲು ಅಂತ ಯಾಕಿರಬೇಕು ಅಜ್ಜಿ? ಒಂದೊಂದು ಮಾತೂ ತುಪ್ಪ ಸವರಿದ ಹಾಗಿತ್ತು. ಅಜ್ಜಿ ಆ ಮುಖವನ್ನೇ ನೋಡುತ್ತಾ ಕೂತಳು. ಬಹಳ ದಿನದಿಂದ ಯಾರೂ ತನ್ನ ಮುಂದೆ ಕೂತು ಇಷ್ಟು ಹೊತ್ತು ಮಾತಾಡಿರಲಿಲ್ಲವೇನೋ. ಕೊನೆಗೆ ಸೆರಗಿನಿಂದ ಕೈ ಹೊರಗೆ ತೆಗೆದಳು. ಮಗಳು ಆ ಹೆಬ್ಬೆಟ್ಟನ್ನು ತಾನೇ ಹಿಡಿದು ಶಾಯಿಗೆ ಅದ್ದಿ, "ಇಲ್ಲಿ ಒತ್ತಿ ಅಜ್ಜಿ, ಏನೂ ಆಗಲ್ಲ" ಅಂದಳು.

ಟೈಪಿನಮ್ಮನ ಬೆರಳು ನಿಂತುಹೋಯಿತು. ಅದು ಅವಳದೇ ಮಾತು. ಇಲ್ಲಿ ಒತ್ತಿ ಅಜ್ಜಿ, ಏನೂ ಆಗಲ್ಲ. ಇಲ್ಲಿ ಒತ್ತಿ ತಾತ, ಏನೂ ಆಗಲ್ಲ. ದಿನಕ್ಕೆ ಹತ್ತು ಸಲ, ಹತ್ತೊಂಬತ್ತು ವರ್ಷ. ಅದೇ ಅಕ್ಕರೆ, ಅದೇ ಅವಸರ, ಕೊನೆಗೆ ಸ್ವಲ್ಪ ಎಳೆದು ಬಿಡುವ ಅದೇ ರಾಗ. ಈ ಹುಡುಗಿಗೆ ಇದನ್ನು ಗಂಟಲು ವಕೀಲ ಕಲಿಸಿರಲಿಲ್ಲ. ಒಂಬತ್ತೇ ದಿನದಲ್ಲಿ ಅಮ್ಮನ ಪಕ್ಕ ಕೂತೇ ಕಲಿತಿದ್ದಳು. ಎದ್ದು ಆ ಕಾಗದ ಕಿತ್ತು ಹರಿಯಬೇಕಿತ್ತು. ಎರಡು ಹೆಜ್ಜೆಯ ದೂರ. ಟೈಪಿನಮ್ಮ ಮೇಜು ನೋಡಿದಳು, ಕಂಪ್ಯೂಟರ್ ನೋಡಿದಳು, ಎದುರಿಗೆ ಕೈಕಟ್ಟಿ ನಿಂತಿದ್ದ ಗಂಟಲು ಸಾರ್ ಮುಖ ನೋಡಿದಳು, ಕೂತಲ್ಲೇ ಕೂತಳು. ಠಸ್ಸೆ ಬಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಮಗಳ ಬಾಯಿ ಮುಚ್ಚಲಿಲ್ಲ. "ಮೊದಲು ಎಷ್ಟು ಹಟ ಮಾಡ್ತಿದ್ರು ನೋಡಿದ್ಯಾ? ವಿವರಿಸಿ ಹೇಳಿದ್ರೆ ಅರ್ಥ ಆಗುತ್ತೆ ಕಣಮ್ಮ. ಈಗಿಂದ್ಲೇ ರಜೇಲಿ ಬಂದು ಕಲಿ, ಮುಂದೆ ನನ್ನ ಜೂನಿಯರ್ ಮಾಡ್ಕೋತೀನಿ ಅಂದ್ರು ಸಾರ್."

"ಕೊನೆತನಕ ನೋಡ್ಕೋತಾನೆ ಅಂತ ಅಜ್ಜಿಗೆ ಹೇಳಿದೆಯಲ್ಲ. ಅದು ಕಾಗದದಲ್ಲಿ ಎಲ್ಲಿತ್ತು?"

ಮಗಳು ಕಿಟಕಿಯ ಕಡೆ ತಿರುಗಿದಳು. "ಸಾರ್ ಹೇಳಿದ್ರು."

"ಕಾಗದದಲ್ಲಿ ಎಲ್ಲಿತ್ತು ಅಂದೆ."

"ಟೈಪ್ ಮಾಡಿದ್ದು ನೀನಲ್ವಾ? ನಿಂಗೆ ಗೊತ್ತಿರಲಿಲ್ವಾ? ಗೊತ್ತಿದ್ರೆ ಅಲ್ಲೇ ಯಾಕೆ ಹೇಳಲಿಲ್ಲ?"

ಆ ಸಂಜೆ ಟೈಪಿನಮ್ಮ ಮೂರು ಸಲ ಕೈ ತೊಳೆದಳು. ಊಟಕ್ಕೆ ಕೂತು ತುತ್ತು ಬಾಯಿಗಿಟ್ಟವಳು ಹಾಗೇ ತಟ್ಟೆ ಸರಿಸಿದಳು. ವಕೀಲರ ಮೇಲೆ ಇಷ್ಟು ವರ್ಷ ಉಗಿದ ಉಗುಳೆಲ್ಲ ತನ್ನ ಮುಖದ ಮೇಲೇ ಬಿದ್ದಿದೆ ಅನ್ನಿಸುತ್ತಿತ್ತು. ಮಗಳನ್ನು ಬೈಯಲು ಬಾಯಿ ಬರಲಿಲ್ಲ. ಬೈಯದೆ ಇರಲೂ ಆಗಲಿಲ್ಲ. ನಾಳೆಯಿಂದ ನೀನು ಬರಬೇಡ ಅಂದಳು. ಬರುತ್ತೇನೆ, ಹದಿನೈದು ದಿನ ಅಂತ ಮಾತಾಗಿದೆ ಅಂದಳು ಮಗಳು.

ಹದಿನೈದನೆಯ ದಿನ ಶುಕ್ರವಾರ. ಸಂಜೆ ನಾಲ್ಕು ಗಂಟೆಯೊಳಗೆ ಫಾರಂ ಕೊಡಬೇಕು. ಮಗಳು ಪೆನ್ಸಿಲಿನ ಗುರುತುಗಳ ಮೇಲೆ ಪೆನ್ನು ಆಡಿಸಿ, ಸಹಿಯ ಜಾಗ ಖಾಲಿ ಬಿಟ್ಟು ಮೇಜಿನ ಮೇಲೆ ಇಟ್ಟಿದ್ದಳು. ಕೊಟ್ಟ ಮಾತು ತಪ್ಪುವ ಹಾಗಿರಲಿಲ್ಲ. ಮಧ್ಯಾಹ್ನದವರೆಗೂ ಟೈಪಿನಮ್ಮ ಅದನ್ನು ಮುಟ್ಟಲಿಲ್ಲ.

ಎರಡು ಗಂಟೆಯ ಸುಮಾರಿಗೆ ಅಜ್ಜಿ ಬಂದಳು. ಈ ಸಲ ಒಬ್ಬಳೇ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗಿಂದ ಸ್ಟೀಲಿನ ಲೋಟವೊಂದು ಇಣುಕುತ್ತಿತ್ತು. ವರಾಂಡದ ಉದ್ದಕ್ಕೂ ಮುಖ ಹುಡುಕುತ್ತಾ ಬಂದು, ಮಗಳನ್ನು ಕಂಡೊಡನೆ ಕಳೆದುಹೋದವರು ಸಿಕ್ಕಿದ ಹಾಗೆ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

"ಇಲ್ಲೇ ಇದ್ಯಾ ಮಗಾ. ಸದ್ಯ. ನೀನು ಸಿಗದಿದ್ರೆ ಏನು ಮಾಡೋದು ಅಂತಿದ್ದೆ."

ನಿನ್ನೆ ಮನೆಗೆ ಬೇರೆ ಯಾರೋ ಬಂದರಂತೆ. ಮನೆ ಮಾರಾಟವಾಗಿದೆಯಂತೆ, ಕೊಳ್ಳುವವರನ್ನು ಮೊದಲೇ ಗೊತ್ತು ಮಾಡಿಟ್ಟಿದ್ದರಂತೆ. ಮಗ ಹೆಂಡತಿ ಮಕ್ಕಳೊಂದಿಗೆ ಬೇರೆ ಊರಿಗೆ ಹೊರಟಿದ್ದಾನಂತೆ, ಅಲ್ಲಿ ಜಾಗ ಚಿಕ್ಕದಂತೆ. ನಿನ್ನೆಯೆಲ್ಲ ಪಕ್ಕದ ಮನೆಯವರ ಜಗಲಿಯಲ್ಲಿ ಕೂತಿದ್ದಳಂತೆ. ಇದನ್ನೆಲ್ಲ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಬಸ್ಸು ತಪ್ಪಿದ ಸುದ್ದಿ ಹೇಳುವ ಹಾಗೆ ಹೇಳಿದಳು. "ಏನೋ ಎಡವಟ್ಟಾಗಿದೆ. ಕಾಗದದಲ್ಲಿ ಹಂಗಿಲ್ಲ ಅಂತ ನೀನು ಬಂದು ಅವನಿಗೆ ಓದಿ ಹೇಳು ಮಗಾ. ನಂಗೆ ಅಷ್ಟು ಚೆನ್ನಾಗಿ ತಿಳಿಸಿ ಹೇಳ್ದೆ. ನೀನು ಹೇಳಿದ್ರೆ ಅವನಿಗೂ ತಿಳಿಯುತ್ತೆ."

ಮಗಳ ಮುಖದಲ್ಲಿ ರಕ್ತವಿರಲಿಲ್ಲ. ಎದ್ದು ಗಂಟಲು ಸಾರ್ ಕೋಣೆಗೆ ಓಡಿದಳು. ಈ ಸಲ ಟೈಪಿನಮ್ಮನೂ ಹಿಂದೆ ಹೋದಳು. ಬಾಗಿಲವರೆಗೆ.

ಅವರು ಯಾವುದೋ ಕಡತದಿಂದ ತಲೆ ಎತ್ತದೆ, "ಕಾಗದದಲ್ಲಿ ಏನಿದೆಯೋ ಅದಷ್ಟೇ ಲೆಕ್ಕ ಕಣಮ್ಮ. ನಾನು ಮಗನ ವಕೀಲ, ಮುದುಕಿ ವಕೀಲ ಅಲ್ಲ" ಅಂದರು.

"ಕೊನೆತನಕ ನೋಡ್ಕೋತಾರೆ ಅಂತ ನೀವೇ ಹೇಳಿದ್ರಿ ಸಾರ್."

ಅವರು ಗಂಟಲು ಸರಿಮಾಡಿಕೊಂಡರು. "ನಾನು ನಿನಗೆ ಹೇಳ್ದೆ. ಅವರಿಗೆ ಹೇಳಿದ್ದು ಯಾರು? ನೀನು. ಇದೇ ಮೊದಲನೇ ಪಾಠ ಅಂತ ತಿಳ್ಕೋ. ಬೇಜಾರು ಮಾಡ್ಕೋಬೇಡ, ನಮಗೂ ಮೊದಮೊದಲು ಹಿಂಗೇ ಆಗ್ತಿತ್ತು. ಒಂದು ವರ್ಷಕ್ಕೆ ಸರಿಹೋಗುತ್ತೆ."

ಮಗಳು ಹೊರಗೆ ಬಂದವಳು ವರಾಂಡದ ತುದಿಗೆ ಹೋಗಿ, ಮೆಟ್ಟಿಲ ಪಕ್ಕ ಬಗ್ಗಿ ವಾಂತಿ ಮಾಡಿಕೊಂಡಳು. ತಾಯಿ ಹಣೆ ಹಿಡಿದು ನಿಂತಳು. ಹದಿನೈದು ದಿನದ ಕೆಳಗೆ ಅವಳು ಬಯಸಿದ್ದು ಇದನ್ನೇ. ಹುಡುಗಿಗೆ ಅಸಹ್ಯ ಹುಟ್ಟಬೇಕು ಅನ್ನುವುದನ್ನೇ. ಹುಟ್ಟಿತು. ಅದಕ್ಕೆ ಒಬ್ಬ ಮುದುಕಿಯ ಮನೆ ಬೇಕಾಯಿತು.

ಬಾಯಿ ತೊಳೆದುಕೊಂಡು ಬಂದು ಮಗಳು ಫಾರಂ ಎಳೆದುಕೊಂಡಳು. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಎಲ್ಲವನ್ನೂ ಗೀರಿ ಗೀರಿ ಹೊಡೆದುಹಾಕಿದಳು. ಕಾಗದ ಹರಿಯುವುದೊಂದು ಬಾಕಿ. ವಿಜ್ಞಾನದ ಕಡೆ ಗುರುತು ಹಾಕಿ, ತಾಯಿಯ ಮುಂದೆ ತಳ್ಳಿದಳು.

"ಹಾಕಮ್ಮ ಸಹಿ. ನೀನು ಹೇಳಿದ್ದೇ ಸರಿ. ನಾನು ಈ ಕಡೆ ಇನ್ನು ತಲೆ ಹಾಕಿ ಮಲಗಲ್ಲ."

ಟೈಪಿನಮ್ಮ ಪೆನ್ನು ಹಿಡಿದಳು. ಬೇಕಾದದ್ದು ಕೈಗೆ ಬಂದಿತ್ತು. ಸ್ಟೂಲಿನ ಮೇಲೆ ಅಜ್ಜಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಇವರ ಕೆಲಸ ಮುಗಿಯಲಿ ಅಂತ ಕಾಯುತ್ತಿದ್ದಳು. ಈ ಹುಡುಗಿ ಇನ್ನು ಪ್ರಯೋಗಾಲಯದ ಬಿಳಿ ಕೋಟು ಹಾಕಿಕೊಂಡು ಶುದ್ಧವಾಗಿರುತ್ತಾಳೆ. ವರಾಂಡದ ಮಾತು ಬಂದರೆ ಮೂಗು ಮುಚ್ಚಿಕೊಂಡು, ಥೂ, ಹೊಲಸು ಅನ್ನುತ್ತಾಳೆ. ತಾನು ಇಷ್ಟು ವರ್ಷ ಅಂದ ಹಾಗೆ. ಥೂ ಅನ್ನುವುದಕ್ಕಿಂತ ಸುಲಭದ ಕೆಲಸ ಈ ಪ್ರಪಂಚದಲ್ಲಿ ಯಾವುದಿದೆ? ತನಗೆ ತನ್ನ ಮೇಲಿದ್ದ ಅಸಹ್ಯವೆಲ್ಲ ಆ ಒಂದು ಕಾಗದದ ಮೇಲೆ ಬಂದು ಕೂತ ಹಾಗಿತ್ತು.

"ಇದಕ್ಕೆ ನಾನು ಸಹಿ ಹಾಕಲ್ಲ" ಅಂದಳು.

"ಅಮ್ಮ?"

"ಜೆರಾಕ್ಸ್ ಅಂಗಡೀಲಿ ಖಾಲಿ ಫಾರಂ ಸಿಗುತ್ತೆ, ತಗೊಂಡು ಬಾ. ಮೊದಲು ಹೆಂಗೆ ತುಂಬಿದ್ಯೋ ಹಂಗೇ ತುಂಬು. ಹೇಸಿಗೆ ಮಾಡಿದೋಳು ನೀನು, ಮಾಡೋಕೆ ಕಲಿಸಿದೋಳು ನಾನು. ಬಳಿಯೋಕೆ ಬೇರೆಯವರು ಬರ್ಬೇಕಾ? ಇಲ್ಲಿ ಕೈ ತೊಳ್ಕೊಂಡು ಹೋದೋರಿಗೆ ಲೆಕ್ಕ ಇಲ್ಲ. ಹೋಗು, ಓದು. ಓದಿ ಈ ಅಜ್ಜಿ ಪರವಾಗಿ ನಿಂತ್ಕೋ. ಅಷ್ಟರಲ್ಲಿ ನನ್ನ ಮೇಜು ಇಲ್ಲಿಂದ ಎತ್ತಿ ಬಿಸಾಕಿರ್ತಾರೆ, ಬಿಸಾಕ್ಲಿ."

ಮಗಳು ಎದ್ದು ಹೋಗಿ ಹೊಸ ಫಾರಂ ತಂದು, ನಿಂತೇ ತುಂಬಿದಳು. ಅಕ್ಷರಗಳು ಸೊಟ್ಟಸೊಟ್ಟಗೆ ಬಿದ್ದವು. ಟೈಪಿನಮ್ಮ ಸಹಿ ಹಾಕಿದಳು. ತನ್ನ ಹೆಸರು ಅವಳಿಗೇ ಹೊಸದಾಗಿ ಕಂಡಿತು.

"ಅದೇನದು ಮಗಾ?" ಅಂತ ಅಜ್ಜಿ ಕೇಳಿದಳು.

"ವಕೀಲಿ ಓದೋಕೆ ಅರ್ಜಿ ಅಜ್ಜಿ. ಓದಿ ಮುಗಿಸಿ ನಿಮ್ಮ ಕೇಸು ನಾನೇ ನಡೆಸ್ತೀನಿ" ಅಂದಳು ಮಗಳು. ಅವಳ ದನಿಯಲ್ಲಿ ತುಪ್ಪವಿರಲಿಲ್ಲ. ಅರ್ಧಕ್ಕೇ ಒಡೆಯಿತು.

"ಒಳ್ಳೇದಾಯ್ತು. ಎಷ್ಟು ದಿನ ಆಗುತ್ತೆ?"

ಮಗಳು ತಾಯಿಯ ಮುಖ ನೋಡಿದಳು. ಈ ಸಲ ಸುಳ್ಳು ಹೇಳಲಿಲ್ಲ.

"ಏಳು ವರ್ಷ."

ಅಜ್ಜಿ ಬೆರಳು ಮಡಿಸಿ ಎಣಿಸಿದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋದಳು. ಸಿಟ್ಟೇನೂ ಇರಲಿಲ್ಲ, ನಿಜವಾಗಿಯೇ ತಿಳಿದುಕೊಳ್ಳಬೇಕಿತ್ತು.

"ಅಲ್ಲೀತನಕ ನಾನೆಲ್ಲಿ ಇರ್ಲಿ ಮಗಾ?"

ಛಾಪಾ ಕಾಗದದವನು ತಲೆ ತಗ್ಗಿಸಿ ತನ್ನ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ. ಮಗಳು ಫಾರಂ ಹಿಡಿದುಕೊಂಡು ನಿಂತೇ ಇದ್ದಳು. ಟೈಪಿನಮ್ಮ ಕಂಪ್ಯೂಟರ್ ಆರಿಸಿ, ಬಗ್ಗಿ ಅಜ್ಜಿಯ ಚೀಲ ಎತ್ತಿಕೊಂಡಳು.